ಮೊದಲ ಓದು ಒಂದೇ ಸಲ: ಇಂಡೀ ವಿಷುವಲ್ ನಾವೆಲ್ ಆಡುವುದು, ಆಡಿ ಅಭಿಪ್ರಾಯ ಹೇಳುವುದು

ಗೇಮ್ ಮಾಡಲು ಹೊರಟಿರುವ ಕಾಲೇಜು ಹುಡುಗ ಹುಡುಗಿಯರ ಎದುರು ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರು ಗೇಮ್ ಮಾಡುವವರು. ಉಳಿದವರು ಸ್ನೇಹಿತರ ಗೇಮ್ ಆಡಿ, ‘ಹೇಗಿದೆ ಹೇಳೋ’ ಅನ್ನಿಸಿಕೊಂಡು, ಏನು ಹೇಳಬೇಕು ಅಂತ ತೋಚದೆ ತಲೆ ಕೆರೆದುಕೊಂಡವರು. ನಾನು ಹೆಚ್ಚಾಗಿ ಮಾತಾಡುವುದು ಈ ಎರಡನೆಯವರಿಗೆ. ಗೇಮ್ ಮಾಡುವುದು ಹೇಗೆ ಅಂತ ಹೇಳಿಕೊಡುವ ವೀಡಿಯೊಗಳು ಬೇಕಾದಷ್ಟಿವೆ. ಆಡಿದ ಮೇಲೆ ಹೇಳುವುದು ಹೇಗೆ ಅಂತ ಹೇಳಿಕೊಡುವವರು ಕಮ್ಮಿ.

ಒಂದು ವಿಷಯ ನೋಡಿ. ಕತೆ ಬರೆದವರಿಗೆ ಆ ಕತೆಯನ್ನು ಹೊಸದಾಗಿ ಓದಲು ಆಗುವುದೇ ಇಲ್ಲ. ಕೊಲೆ ಮಾಡಿದ್ದು ಯಾರು ಅಂತ ಅವರಿಗೆ ಮೊದಲೇ ಗೊತ್ತು. ಯಾವ ಆಯ್ಕೆ ಒತ್ತಿದರೆ ಯಾರು ಅಳುತ್ತಾರೆ ಅನ್ನುವುದೂ ಗೊತ್ತು. ಒಂದೇ ಸೀನನ್ನು ಸರಿ ಮಾಡುತ್ತಾ, ಓಡಿಸಿ ನೋಡುತ್ತಾ, ಮತ್ತೆ ಸರಿ ಮಾಡುತ್ತಾ ಅವರಿಗೆ ಅದರಲ್ಲಿ ನಗುವೂ ಉಳಿದಿರುವುದಿಲ್ಲ, ಭಯವೂ ಉಳಿದಿರುವುದಿಲ್ಲ. ಆ ಮೊದಲ ಓದು ಇರುವುದು ನಿಮ್ಮ ಹತ್ತಿರ. ಅದೂ ಒಂದೇ ಸಲಕ್ಕೆ. ಎರಡನೇ ಸಲ ಆಡುವಾಗ ನೀವೂ ‘ಮೊದಲೇ ಗೊತ್ತಿರುವವರ’ ಸಾಲಿಗೆ ಸೇರಿಬಿಡುತ್ತೀರಿ. ಅದಕ್ಕೇ ಮೊದಲ ಸಲ ಆಡುವಾಗ ನಿಮ್ಮ ತಲೆಯಲ್ಲಿ ಏನೇನು ಓಡಿತೋ ಅದನ್ನು ಆಗಿಂದಾಗಲೇ ಬರೆದಿಟ್ಟು, ಬರೆದದ್ದನ್ನು ಹಾಗೇ ಡೆವಲಪರ್ ಕೈಗೆ ಕೊಡಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ವಿಷುವಲ್ ನಾವೆಲ್ ಆಡದವರಿಗೆ ಎರಡು ಮಾತು. ಹಿಂದೆ ಒಂದು ಚಿತ್ರ ಇರುತ್ತದೆ, ಕ್ಲಾಸ್‌ರೂಮೋ ಕಾಡೋ ಏನೋ ಒಂದು. ಅದರ ಮುಂದೆ ಪಾತ್ರಗಳು ನಿಂತಿರುತ್ತವೆ, ಇವಕ್ಕೆ ಸ್ಪ್ರೈಟ್ ಅನ್ನುತ್ತಾರೆ. ಕೆಳಗೆ ಒಂದು ಬಾಕ್ಸಿನಲ್ಲಿ ಮಾತು ಬರುತ್ತದೆ. ಕ್ಲಿಕ್ ಮಾಡಿದರೆ ಮುಂದಿನ ಸಾಲು. ಅಲ್ಲಲ್ಲಿ ಕತೆ ನಿಂತು, ಈಗ ಏನು ಮಾಡುತ್ತೀಯ ಅಂತ ನಿಮ್ಮನ್ನೇ ಕೇಳುತ್ತದೆ. ಓಡುವುದು, ಹಾರುವುದು, ಗುಂಡು ಹೊಡೆಯುವುದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಇಲ್ಲಿ ‘ಆಡುವುದು’ ಅಂದರೆ ಮುಕ್ಕಾಲು ಪಾಲು ಓದುವುದೇ. ಇಂಡೀ ಅಂದರೆ ದೊಡ್ಡ ಕಂಪನಿ ಇಲ್ಲದೆ ಕೆಲವೇ ಜನ ಸೇರಿ ಮಾಡಿದ್ದು.

ಇದು ಜಪಾನಿನಲ್ಲಿ ಬೆಳೆದ ಬಗೆ. ಅಲ್ಲಿ ದೊಡ್ಡ ಕಂಪನಿಗಳು ಮಾಡಿದ್ದು ಒಂದು ಕಡೆ, ನಾಲ್ಕೈದು ಜನ ಸೇರಿ ಮನೆಯಲ್ಲೇ ಮಾಡಿ, ಸಿಡಿಗೆ ಹಾಕಿ, ಟೋಕಿಯೊದ ಕಾಮಿಕೆಟ್ ಅನ್ನುವ ಸಂತೆಯಲ್ಲಿ ಮಾರಿದ್ದು ಇನ್ನೊಂದು ಕಡೆ. ಆ ಸಂತೆ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ. ‘ಹಿಗುರಾಶಿ’ ಅನ್ನುವ ಗೇಮ್ ಶುರುವಾಗಿದ್ದು ಹೀಗೇ, 2002ರಲ್ಲಿ. ಒಂದು ಸಣ್ಣ ಹಳ್ಳಿ, ಪ್ರತಿ ವರ್ಷ ಜಾತ್ರೆಯ ರಾತ್ರಿ ಒಂದು ಸಾವು. ಚಿತ್ರಗಳು ಒರಟು, ಪಾತ್ರಗಳ ಕೈಗಳನ್ನು ನೋಡಿದರೆ ನಗು ಬರುತ್ತದೆ. ತಮಾಷೆ ಅಂದರೆ ಇದರಲ್ಲಿ ಆಟಗಾರರಿಗೆ ಆಯ್ಕೆಯೇ ಇಲ್ಲ. ಓದಿಕೊಂಡು ಹೋಗುವುದು ಅಷ್ಟೇ. ಆದರೆ ಎಂಟು ಭಾಗಗಳಾಗಿ 2006ರವರೆಗೂ ಬಂತಲ್ಲ, ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಓದಿದವರೆಲ್ಲ ಕೊಲೆಗಾರ ಯಾರು ಅಂತ ಅಂತರ್ಜಾಲದಲ್ಲಿ ಜಗಳಾಡಿದರು. ಆಟ ನಡೆದದ್ದು ಅಲ್ಲಿ ಅಂತಲೇ ಹೇಳಬಹುದು. ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಫೀಡ್‌ಬ್ಯಾಕ್ ಯಾವುದಿದೆ ಹೇಳಿ? ಓದುಗರು ಯಾರನ್ನು ಅನುಮಾನಿಸುತ್ತಿದ್ದಾರೆ, ಯಾವ ಸುಳಿವನ್ನು ಗಮನಿಸಿಯೇ ಇಲ್ಲ ಅನ್ನುವುದೆಲ್ಲ ಕಣ್ಣೆದುರಿಗೇ ಇತ್ತು.

ಜಪಾನಿನ ಹೊರಗೆ ಇದು ಹಬ್ಬಲು ದೊಡ್ಡ ಕಾರಣ ರೆನ್‌ಪೈ. ಟಾಮ್ ರೋಥಮೆಲ್ ಅನ್ನುವವರು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಟ್ಟಿದ್ದು, ಪೂರ್ತಿ ಉಚಿತ. ಅದರಲ್ಲಿ ಸ್ಕ್ರಿಪ್ಟ್ ಬರೆಯುವುದು ಹೆಚ್ಚುಕಮ್ಮಿ ನಾಟಕ ಬರೆದ ಹಾಗೇ ಇರುತ್ತದೆ, ಪಾತ್ರದ ಹೆಸರು, ಮುಂದೆ ಮಾತು. 2005ರಿಂದ ‘ನ್ಯಾನೊರೆನೊ’ ಅಂತ ಒಂದು ಪದ್ಧತಿಯೂ ಇದೆ, ಮಾರ್ಚ್ ತಿಂಗಳೊಳಗೆ ಒಂದು ಪೂರ್ತಿ ವಿಷುವಲ್ ನಾವೆಲ್ ಮಾಡಿ ಮುಗಿಸುವುದು. ಒಂದೇ ತಿಂಗಳಲ್ಲಿ ಬರೆದು, ಬಿಡಿಸಿ, ಸಂಗೀತ ಹಾಕಿ ಬಿಟ್ಟರೆ ತಪ್ಪುಗಳು ಇಲ್ಲದೆ ಇರುತ್ತವಾ? ದೊಡ್ಡ ಸ್ಟುಡಿಯೊಗಳಲ್ಲಿ ಗೇಮ್ ಪರೀಕ್ಷೆ ಮಾಡಲೆಂದೇ ಸಂಬಳ ತಗೊಳ್ಳುವ ಜನ ಇರುತ್ತಾರೆ. ಇಲ್ಲಿ ಆ ಜನ ನೀವೇ, ಸಂಬಳ ಮಾತ್ರ ಇಲ್ಲ.

ಈಗ ಆಡುವ ಬಗೆಗೆ ಬರೋಣ.

ಡೆವಲಪರ್ ನಿಮಗೆ ಒಂದು ಬಿಲ್ಡ್, ಅಂದರೆ ಗೇಮಿನ ಆ ಹೊತ್ತಿನ ಪ್ರತಿ, ಕಳಿಸಿದಾಗ ತೆರೆಯುವ ಮುಂಚೆ ಕೇಳಬೇಕಾದ್ದು ಸ್ವಲ್ಪವೇ. ಇದು ಯಾವ ಹಂತದಲ್ಲಿದೆ, ಚಿತ್ರ ಸಂಗೀತ ಎಲ್ಲ ಕೊನೆಯದಾ ತಾತ್ಕಾಲಿಕವಾ, ಹಾರರ್ ಹಿಂಸೆ ಆತ್ಮಹತ್ಯೆಯಂಥ ವಿಷಯ ಏನಾದರೂ ಇದೆಯಾ. ಅಷ್ಟು ಸಾಕು. ಕತೆ ಏನು ಅಂತ ಕೇಳಬೇಡಿ. ಅವರೇ ಹೇಳಲು ಬಂದರೂ ತಡೆಯಿರಿ. ‘ನಾಯಕಿ ಮೊದಲು ಕೆಟ್ಟವಳ ಹಾಗೆ ಕಾಣುತ್ತಾಳೆ, ಆಮೇಲೆ ನೋಡು’ ಅಂತ ಅವರು ಒಂದು ಮಾತು ಅಂದರೆ ಮುಗಿಯಿತು. ನಿಮ್ಮ ಮೊದಲ ಓದಿನ ಅರ್ಧ ಅಲ್ಲೇ ಹೋಯಿತು.

ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಇಲ್ಲ ಫೋನಿನಲ್ಲಿ ಬರೆಯಿರಿ. ರೆನ್‌ಪೈನಲ್ಲಿ ಮಾಡಿದ ಗೇಮಾದರೆ ಕೀಬೋರ್ಡಿನಲ್ಲಿ ‘ಎಸ್’ ಒತ್ತಿದರೆ ಸಾಮಾನ್ಯವಾಗಿ ಸ್ಕ್ರೀನ್‌ಶಾಟ್ ತಾನೇ ಸೇವ್ ಆಗುತ್ತದೆ. ಏನಾದರೂ ಅನ್ನಿಸಿದ ಕೂಡಲೇ ಒಂದು ಸ್ಕ್ರೀನ್‌ಶಾಟ್, ಒಂದು ಸಾಲು ನೋಟ್. ‘ಇವನು ಯಾರು, ಮರೆತುಹೋಯಿತು.’ ‘ಇಲ್ಲಿ ಜೋರಾಗಿ ನಕ್ಕೆ.’ ‘ಇಲ್ಲಿಂದ ಐದು ನಿಮಿಷ ಓದದೆ ಸುಮ್ನೆ ಕ್ಲಿಕ್ ಮಾಡಿದೆ.’ ಈ ಕೊನೆಯದು ಬರೆಯಲು ಎಲ್ಲರಿಗೂ ಸಂಕೋಚ. ಬರೆಯಿರಿ. ನಿಮ್ಮ ಗಮನ ಎಲ್ಲಿ ಜಾರಿತು ಅನ್ನುವುದು ಡೆವಲಪರ್‌ಗೆ ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ.

ಆಯ್ಕೆ ಬಂದಾಗ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಯಾವುದನ್ನು ಒತ್ತಿದಿರಿ ಅಂತಷ್ಟೇ ಬರೆದರೆ ಸಾಲದು. ಒತ್ತುವ ಮುಂಚೆ ಏನಾಗುತ್ತದೆ ಅಂತ ಅಂದುಕೊಂಡಿದ್ದಿರಿ, ಒತ್ತಿದ ಮೇಲೆ ಏನಾಯಿತು, ಎರಡೂ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ನಾನು ಆಡಿದ ಒಂದು ಡೆಮೊ, ಇಂಗ್ಲಿಷಿನದು, ಹೆಸರು ಬೇಡ. ರಾತ್ರಿ ಹೊತ್ತು, ಹಾಸ್ಟೆಲ್ ರೂಮು. ಗೆಳತಿಗೆ ಊರಿಂದ ಫೋನು ಬಂದಿದೆ, ಅಮ್ಮನಿಗೆ ಹುಷಾರಿಲ್ಲ, ಈಗಲೇ ಹೊರಡುತ್ತೇನೆ ಅನ್ನುತ್ತಾಳೆ. ನಾಯಕನಿಗೆ ಎರಡು ಆಯ್ಕೆ. ‘ಜೊತೆಗೆ ಹೋಗು’, ‘ಬೇಡ ಅನ್ನು’. ಈ ಸರಿಹೊತ್ತಿನಲ್ಲಿ ಒಬ್ಬಳೇ ಹೋಗಬೇಡ, ಬೆಳಿಗ್ಗೆ ಹೋಗೋಣ ಅಂತ ಹೇಳುತ್ತಾನೆ ಅಂದುಕೊಂಡು ನಾನು ‘ಬೇಡ ಅನ್ನು’ ಒತ್ತಿದೆ. ಅವನು ಏನಂದ ಗೊತ್ತಾ? ‘ನಿನ್ನ ಮನೆ ವಿಷಯ ನನಗ್ಯಾಕೆ, ಮಲಗಲು ಬಿಡು.’ ಅವಳು ಬಾಗಿಲು ಬಡಿದು ಹೋದಳು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಬರೆದವರ ಮೇಲೆ ಬಂತು.

ನೋಟಿನಲ್ಲಿ ಇಷ್ಟೇ ಬರೆದೆ. ‘ಬೇಡ ಅನ್ನು ಒತ್ತಿದಾಗ ಅವಳ ಮೇಲಿನ ಕಾಳಜಿಯಿಂದ ಹೇಳುತ್ತಾನೆ ಅಂದುಕೊಂಡೆ. ಅವನಿಗೆ ಅವಳ ಮೇಲೆ ಯಾಕೆ ಇಷ್ಟು ಕೋಪ ಅಂತ ಗೊತ್ತಾಗಲಿಲ್ಲ.’ ಆಯ್ಕೆಯ ಪದ ಬದಲಾಯಿಸಿ ಅಂತ ಬರೆಯಬಹುದಿತ್ತು. ಬರೆಯಲಿಲ್ಲ. ಆಮೇಲೆ ಡೆವಲಪರ್ ಹೇಳಿದ್ದು ಬೇರೆಯೇ. ಅವರಿಬ್ಬರಿಗೂ ಹಿಂದಿನ ದಿನ ಕ್ಯಾಂಟೀನಿನಲ್ಲಿ ದೊಡ್ಡ ಜಗಳ ಆಗಿರುತ್ತದೆ. ಆದರೆ ಆ ಜಗಳ ಇದ್ದದ್ದು ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ. ನಾನು ಲೈಬ್ರರಿಗೆ ಹೋಗಿದ್ದೆ. ಬರೆದವರ ತಲೆಯಲ್ಲಿ ಜಗಳ ಆಗಿದೆ, ನನ್ನ ಕತೆಯಲ್ಲಿ ಆಗಿಯೇ ಇಲ್ಲ. ಪದ ಬದಲಾಯಿಸಿದ್ದರೆ ಈ ತೂತು ಮುಚ್ಚುತ್ತಿರಲಿಲ್ಲ, ಇನ್ನಷ್ಟು ಒಳಗೆ ಹೋಗಿ ಕೂರುತ್ತಿತ್ತು.

ಅದಕ್ಕೇ ನಾನು ಹೇಳುವುದು, ನಿಮಗೆ ಏನಾಯಿತು ಅಂತ ಬರೆಯಿರಿ, ಏನು ಮಾಡಬೇಕು ಅಂತ ಬರೆಯಲು ಹೋಗಬೇಡಿ. ನಿಮಗೆ ಕಂಡ ತೊಂದರೆ ನಿಜ. ಅದರ ಬೇರು ಎಲ್ಲಿದೆ ಅಂತ ನಿಮಗೆ ಕಾಣುವುದಿಲ್ಲ, ಯಾಕೆಂದರೆ ನೀವು ನೋಡಿದ್ದು ಒಂದೇ ದಾರಿ.

ಆಯ್ಕೆಯ ಪದಗಳ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ‘ಸ್ಲೇ ದ ಪ್ರಿನ್ಸೆಸ್’ ಕೆಲವರು ಆಡಿರಬಹುದು. ಟೊರೊಂಟೊದ ಬ್ಲ್ಯಾಕ್ ಟ್ಯಾಬಿ ಗೇಮ್ಸ್ ಅನ್ನುವ ಗಂಡ ಹೆಂಡತಿಯ ಸ್ಟುಡಿಯೊ ರೆನ್‌ಪೈನಲ್ಲೇ ಮಾಡಿದ್ದು, 2023ರಲ್ಲಿ ಬಂತು. ಪೆನ್ಸಿಲ್ ಚಿತ್ರಗಳು. ಕಾಡಿನ ಗುಡಿಸಲಿನಲ್ಲಿ ಒಬ್ಬ ರಾಜಕುಮಾರಿ ಇದ್ದಾಳೆ, ಹೋಗಿ ಕೊಲ್ಲು ಅಂತ ನಿರೂಪಕ ಹೇಳುವುದರಿಂದ ಕತೆ ಶುರು. ಅದರಲ್ಲಿ ಒಂದೊಂದು ಕಡೆ ಆಯ್ಕೆಗಳ ಪಟ್ಟಿ ಉದ್ದಕ್ಕೆ ಇರುತ್ತದೆ. ಆದರೆ ಸುಮ್ನೆ ಪ್ರಶ್ನೆ ಕೇಳುವ ಆಯ್ಕೆ ಯಾವುದು, ಕತೆಯನ್ನು ಮುಂದಕ್ಕೆ ತಳ್ಳುವ ಆಯ್ಕೆ ಯಾವುದು ಅಂತ ಒತ್ತುವ ಮುಂಚೆಯೇ ಗೊತ್ತಾಗುವ ಹಾಗೆ ಗುರುತು ಹಾಕಿದ್ದಾರೆ. ಆಟಗಾರರಿಗೆ ‘ಅಯ್ಯೋ, ಇನ್ನೊಂದು ಕೇಳಬೇಕಿತ್ತು’ ಅನ್ನಿಸುವ ತೊಂದರೆಯೇ ಇಲ್ಲ. ಇಂಥ ಸಣ್ಣ ಏರ್ಪಾಡುಗಳನ್ನು ಗಮನಿಸಿ ಇಟ್ಟುಕೊಳ್ಳಿ. ಬೇರೆಯವರ ಗೇಮ್ ಆಡುವಾಗ ನಿಮಗೆ ಏನು ಕಿರಿಕಿರಿ ಆಯಿತು ಅಂತ ಹೇಳಲು ಭಾಷೆ ಸಿಗುವುದು ಹೀಗೆ.

ಮೊದಲ ಸುತ್ತು ಮುಗಿಯುವವರೆಗೂ ರೋಲ್‌ಬ್ಯಾಕ್ ಮುಟ್ಟಬೇಡಿ. ರೆನ್‌ಪೈನಲ್ಲಿ ಮೌಸಿನ ಚಕ್ರ ಮೇಲಕ್ಕೆ ತಿರುಗಿಸಿದರೆ ಕತೆ ಹಿಂದಕ್ಕೆ ಹೋಗುತ್ತದೆ, ಬೇರೆ ಆಯ್ಕೆ ಒತ್ತಬಹುದು. ತುಂಬಾ ಆಸೆ ಆಗುತ್ತದೆ, ಗೊತ್ತು. ಆದರೆ ಒತ್ತಿದ್ದಕ್ಕೆ ಬಂದ ಫಲದ ಜೊತೆಗೇ ಮುಂದೆ ಹೋದರೆ ಮಾತ್ರ ಆ ದಾರಿ ಹೇಗಿದೆ ಅಂತ ಗೊತ್ತಾಗುವುದು. ಹಿಂದೆ ಹೋಗಲೇಬೇಕು ಅನ್ನಿಸಿದರೆ, ಅನ್ನಿಸಿತು ಅಂತ ಬರೆಯಿರಿ. ಅದೂ ಒಂದು ಮಾಹಿತಿಯೇ.

ಎರಡನೇ ಸುತ್ತು ಬೇರೆ ಕೆಲಸ. ಆಗ ನೀವು ಓದುಗರಲ್ಲ, ತಪ್ಪು ಹುಡುಕುವವರು. ಪ್ರತಿ ಆಯ್ಕೆಯ ಮುಂಚೆ ಒಂದು ಸೇವ್ ಇಡಿ. ಕಂಟ್ರೋಲ್ ಕೀ ಹಿಡಿದರೆ ಓದಿದ ಸಾಲುಗಳು ಸರಸರ ಓಡುತ್ತವೆ, ಹೊಸ ಸಾಲು ಬಂದ ಕಡೆ ನಿಲ್ಲುತ್ತದೆ. ಸೆಟ್ಟಿಂಗ್ಸಿನಲ್ಲಿ ಬದಲಾಯಿಸದಿದ್ದರೆ ರೆನ್‌ಪೈ ನಡೆದುಕೊಳ್ಳುವುದೇ ಹಾಗೆ. ಇದೊಂದೇ ಸೌಲಭ್ಯದಿಂದ ಹೊಸ ಮಾತು ಎಲ್ಲೆಲ್ಲಿ ಇದೆ ಅಂತ ಬೇಗ ಸಿಗುತ್ತದೆ. ಹೊಸ ದಾರಿ ಹಿಡಿದರೂ ಒಂದೂ ಹೊಸ ಸಾಲು ಬರಲಿಲ್ಲ ಅಂದರೆ, ಆ ಆಯ್ಕೆ ಬರೀ ತೋರಿಕೆಯದು ಅಂತಲೂ ಗೊತ್ತಾಗುತ್ತದೆ. ತೋರಿಕೆಯ ಆಯ್ಕೆ ತಪ್ಪೇನಲ್ಲ. ಒಂದಾದ ಮೇಲೊಂದು ಅಂಥವೇ ಬಂದರೆ ಮಾತ್ರ ಆಟಗಾರರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಈ ಪ್ರಕಾರಕ್ಕೇ ವಿಶೇಷವಾದ ಒಂದು ತಪ್ಪಿದೆ. ಆಗದೇ ಇದ್ದದ್ದನ್ನು ಪಾತ್ರಗಳು ನೆನಪಿಟ್ಟುಕೊಳ್ಳುವುದು. ಅಜ್ಜಿಯ ಮನೆಗೆ ನೀವು ಹೋಗಿಯೇ ಇಲ್ಲ, ಆದರೆ ನಾಲ್ಕನೇ ಅಧ್ಯಾಯದಲ್ಲಿ ನಾಯಕ ‘ಅಜ್ಜಿ ಕೊಟ್ಟ ಬೀಗದಕೈ’ ತೆಗೆಯುತ್ತಾನೆ. ಯಾರೋ ತಮ್ಮ ಹೆಸರು ಹೇಳುವ ಮುಂಚೆಯೇ ಬಾಕ್ಸಿನ ಮೇಲೆ ಅವರ ಹೆಸರು ಬಂದಿರುತ್ತದೆ. ಇದು ಯಾಕಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಎರಡೆರಡು ಆಯ್ಕೆಯ ಮೂರು ಕವಲು ಇದ್ದರೆ ಎಂಟು ದಾರಿ. ಹತ್ತು ಕವಲು ಇದ್ದರೆ 1024 ದಾರಿ. ಮಧ್ಯೆ ಮಧ್ಯೆ ದಾರಿಗಳು ಮತ್ತೆ ಕೂಡುವುದರಿಂದ ಬರೆಯುವ ಸೀನುಗಳು ಕಮ್ಮಿ ಆಗುತ್ತವೆ, ಆದರೆ ಹಿಂದೆ ಏನೇನಾಗಿದೆ ಅನ್ನುವ ನೆನಪಿನ ಲೆಕ್ಕ ಕಮ್ಮಿ ಆಗುವುದಿಲ್ಲ. ಒಬ್ಬರೋ ಇಬ್ಬರೋ ಕೂತು 1024 ಸಲ ಆಡಲು ಆಗುತ್ತಾ? ಇಂಥ ತಪ್ಪು ಸಿಕ್ಕಾಗ ಬರೀ ತಪ್ಪನ್ನು ಹೇಳಿದರೆ ಉಪಯೋಗ ಇಲ್ಲ. ಅಲ್ಲಿಗೆ ಬರುವವರೆಗೂ ಏನೇನು ಒತ್ತಿದಿರಿ ಅನ್ನುವ ಸರಣಿ ಬೇಕು. ಜೊತೆಗೆ ಸೇವ್ ಫೈಲ್ ಕಳಿಸಿದರಂತೂ ಡೆವಲಪರ್ ನಿಮಗೆ ಕಾಫಿ ಕೊಡಿಸುತ್ತಾರೆ.

ಗೇಮ್ ಪೂರ್ತಿ ಕುಸಿದು ಎರರ್ ಸ್ಕ್ರೀನ್ ಬಂದರೆ ಗಾಬರಿ ಬೇಡ. ರೆನ್‌ಪೈ ಗೇಮಾದರೆ ಅದರ ಫೋಲ್ಡರಿನಲ್ಲಿ ‘ಟ್ರೇಸ್‌ಬ್ಯಾಕ್’ ಅಂತ ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಸ್ಕ್ರಿಪ್ಟಿನ ಎಷ್ಟನೇ ಸಾಲಿನಲ್ಲಿ ಎಡವಿತು ಅಂತ ಅದರಲ್ಲಿ ಇರುತ್ತದೆ. ಅದನ್ನು ಹಾಗೇ ಕಳಿಸಿ. ಇನ್ನೊಂದು ಕೆಲಸ, ರೆನ್‌ಪೈ ಗೇಮಿನಲ್ಲೇ ಕೀಬೋರ್ಡಿನ ‘ವಿ’ ಒತ್ತಿ ನೋಡಿ. ಕಂಪ್ಯೂಟರ್ ಮಾತುಗಳನ್ನು ಗಟ್ಟಿಯಾಗಿ ಓದಲು ಶುರು ಮಾಡುತ್ತದೆ. ಕಣ್ಣು ಕಾಣದವರು ಆಡುವುದು ಹೀಗೆ. ಬರೀ ಚಿತ್ರದಲ್ಲಿ ಮಾಡಿದ ಬಟನ್‌ಗಳಿಗೆ ವಿವರಣೆ ಬರೆದಿರದಿದ್ದರೆ ಅಲ್ಲಿ ದನಿಗೆ ಓದಲು ಏನೂ ಇರುವುದಿಲ್ಲ. ಎಲ್ಲೆಲ್ಲಿ ಹಾಗಾಯಿತು ಅಂತ ಗುರುತು ಹಾಕಿಕೊಳ್ಳಿ. ಇದನ್ನು ಪರೀಕ್ಷೆ ಮಾಡುವವರು ತೀರಾ ಕಮ್ಮಿ.

ಈಗ ಬರೆಯುವ ವಿಷಯ. ಮದುವೆ ಮನೆಯಲ್ಲಿ ‘ಊಟ ಹೇಗಿತ್ತು’ ಅಂತ ಕೇಳಿದರೆ ಎಲ್ಲರೂ ‘ಚೆನ್ನಾಗಿತ್ತು’ ಅಂತಲೇ ಅನ್ನುತ್ತಾರೆ ಅಲ್ವಾ? ಗೇಮಿನ ವಿಷಯದಲ್ಲೂ ನಮ್ಮವರು ಅದನ್ನೇ ಮಾಡುತ್ತಾರೆ. ‘ಸೂಪರ್ ಮಗಾ’ ಅಂದರೆ ಕೇಳಿದವನಿಗೆ ಖುಷಿಯಾಗುತ್ತದೆ, ಮಾರನೇ ದಿನ ಕೂತು ಏನು ಸರಿ ಮಾಡಬೇಕು ಅಂತ ಗೊತ್ತಾಗುವುದಿಲ್ಲ. ‘ಬೋರು’ ಅಂದರೂ ಅಷ್ಟೇ. ಎಲ್ಲಿ ಬೋರು? ‘ಮೊದಲ ಅಧ್ಯಾಯದಲ್ಲಿ ಊರಿನ ಇತಿಹಾಸ ಹೇಳುವ ಕಡೆ, ರಾಜನ ಮೂರನೇ ಮಗನ ಹೆಸರು ಬರುವ ಹೊತ್ತಿಗೆ ಬಿಟ್ಟುಬಿಟ್ಟೆ’ ಅಂದರೆ ಅದು ಕೆಲಸಕ್ಕೆ ಬರುವ ಮಾತು. ಹೊಗಳುವಾಗಲೂ ಅಷ್ಟೇ ಕರಾರುವಾಕ್ಕಾಗಿ ಹೊಗಳಿ. ‘ಮಳೆ ಸೀನಿನಲ್ಲಿ ಸಂಗೀತ ನಿಂತು ಬರೀ ಮಳೆ ಸದ್ದು ಉಳಿದಾಗ ಮೈ ಜುಮ್ಮೆಂದಿತು’ ಅಂತ ಹೇಳದಿದ್ದರೆ, ಮುಂದಿನ ಬಿಲ್ಡಿನಲ್ಲಿ ಅವರು ಅಲ್ಲಿ ಪಿಟೀಲು ತುಂಬಿಸಿಬಿಡಬಹುದು. ಚೆನ್ನಾಗಿರುವುದನ್ನು ಕೆಡಿಸದ ಹಾಗೆ ಕಾಯುವುದೂ ಫೀಡ್‌ಬ್ಯಾಕಿನ ಕೆಲಸವೇ.

ನಿಮ್ಮ ರುಚಿ ಏನು ಅಂತಲೂ ಮೊದಲೇ ಒಂದು ಸಾಲು ಹೇಳಿಬಿಡಿ. ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಆಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 2017ರಲ್ಲಿ ಉಚಿತವಾಗಿ ಬಂದ ಗೇಮ್, ಅದೂ ರೆನ್‌ಪೈನದೇ. ಮುದ್ದು ಮುದ್ದಾಗಿ ಕಂಡರೂ ಒಳಗೆ ಹಾರರ್ ಇದೆ, ಶುರುವಿನಲ್ಲೇ ಎಚ್ಚರಿಕೆ ಕೊಡುತ್ತಾರೆ, ಅದನ್ನು ತಮಾಷೆ ಅಂದುಕೊಳ್ಳಬೇಡಿ. ಅದರಲ್ಲಿ ನೀವು 20 ಪದಗಳನ್ನು ಆರಿಸಿ ಒಂದು ಕವಿತೆ ಕಟ್ಟಬೇಕು, ಆಮೇಲೆ ಕ್ಲಬ್ಬಿನ ಹುಡುಗಿಯರಿಗೆ ತೋರಿಸಬೇಕು. ನಟ್ಸುಕಿಗೆ ಮುದ್ದಾದ, ಹಗುರವಾದ ಪದಗಳು ಇಷ್ಟ. ಯೂರಿಗೆ ಗಹನವಾದ, ಕತ್ತಲೆಯ ಪದಗಳು. ಸಯೋರಿಗೆ ಸಂತೋಷ, ದುಃಖ ನೇರವಾಗಿ ಹೇಳುವ ಪದಗಳು. ಅದೇ ಕವಿತೆ ಒಬ್ಬಳಿಗೆ ಹಿಡಿಸುತ್ತದೆ, ಇನ್ನೊಬ್ಬಳಿಗೆ ಹಿಡಿಸುವುದಿಲ್ಲ. ಅವರ ಟೀಕೆ ಓದಿದರೆ ಕವಿತೆ ಹೇಗಿದೆ ಅನ್ನುವುದಕ್ಕಿಂತ ಟೀಕೆ ಮಾಡಿದವರು ಎಂಥವರು ಅಂತ ಜಾಸ್ತಿ ಗೊತ್ತಾಗುತ್ತದೆ. ನಿಜ ಜೀವನದಲ್ಲೂ ಹಾಗೇ. ‘ನನಗೆ ಪ್ರೇಮಕತೆ ಅಷ್ಟಾಗಿ ಆಗಿಬರುವುದಿಲ್ಲ’ ಅಂತ ನೀವು ಮೊದಲೇ ಬರೆದಿದ್ದರೆ, ಪ್ರೇಮದ ಸೀನುಗಳ ಬಗ್ಗೆ ನೀವು ಗೊಣಗಿದ್ದನ್ನು ಡೆವಲಪರ್ ಸ್ವಲ್ಪ ಕಳೆದು ಓದಿಕೊಳ್ಳುತ್ತಾರೆ.

ಖಾಸಗಿಯಾಗಿ ಹೇಳುವುದು ಬೇರೆ, ಎಲ್ಲರ ಎದುರು ಹೇಳುವುದು ಬೇರೆ. ಬಿಡುಗಡೆಗೆ ಮುಂಚಿನ ಬಿಲ್ಡಿನ ತಪ್ಪುಗಳು ನಿಮ್ಮ ಮತ್ತು ಡೆವಲಪರ್ ನಡುವೆ ಇರಲಿ. ಬಿಡುಗಡೆ ಆದ ಮೇಲೆ ಬರೆಯುವ ರಿವ್ಯೂ ಕೊಳ್ಳುವವರಿಗಾಗಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ನಡುವೆ ಏನೂ ಇಲ್ಲ, ಹಾಗಾಗಿ ‘ಪರವಾಗಿಲ್ಲ’ ಅನ್ನುವವರ ಕಷ್ಟ ಕೇಳುವವರಿಲ್ಲ. ಸ್ಟೀಮಿನ ಇನ್ನೊಂದು ನಿಯಮವೂ ಗೊತ್ತಿರಲಿ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ದೊಡ್ಡ ಗೇಮಿಗೆ ಇದು ನ್ಯಾಯವೇ. ಆದರೆ ವಿಷುವಲ್ ನಾವೆಲ್‌ಗಳ ಕೋಶವಾದ ವಿಎನ್‌ಡಿಬಿಯಲ್ಲಿ ಎರಡು ಗಂಟೆಗಿಂತ ಕಮ್ಮಿ ಇರುವ ಗೇಮ್‌ಗಳಿಗೆಂದೇ ಒಂದು ವಿಭಾಗ ಇದೆ. ಅಂಥದ್ದನ್ನು ಪೂರ್ತಿ ಓದಿ, ಕೊನೆಯಲ್ಲಿ ಕಣ್ಣು ಒರೆಸಿಕೊಂಡು, ಆಮೇಲೆ ದುಡ್ಡು ವಾಪಸ್ ಕೇಳುವವರೂ ಇದ್ದಾರೆ. ನೀವು ಮಾಡಬೇಡಿ, ಅಷ್ಟೇ.

ಕೊನೆಯದಾಗಿ ಕನ್ನಡ. ನಿಮ್ಮಲ್ಲಿ ಒಂದಿಬ್ಬರು ಕನ್ನಡದಲ್ಲೇ ಮಾಡುತ್ತಿದ್ದೀರಿ ಅಂತ ಕೇಳಿ ಖುಷಿಯಾಯಿತು. ತುಂಬಾ ವರ್ಷ ರೆನ್‌ಪೈನಲ್ಲಿ ಕನ್ನಡ ಸರಿಯಾಗಿ ಕೂರುತ್ತಿರಲಿಲ್ಲ. ಅಕ್ಷರಗಳು ಒಂದರ ಪಕ್ಕ ಒಂದು ಬರುತ್ತಿದ್ದವೇ ಹೊರತು ಒತ್ತಕ್ಷರ ಕೆಳಗೆ ಇಳಿಯುತ್ತಿರಲಿಲ್ಲ. 2024ರಲ್ಲಿ ಬಂದ 8.2ನೇ ಆವೃತ್ತಿಯಿಂದ ಹಾರ್ಫ್‌ಬಝ್ ಅನ್ನುವ ಅಕ್ಷರ ಜೋಡಿಸುವ ತಂತ್ರಾಂಶ ಅದರೊಳಗೇ ಬಂದಿದೆ, ಹಾಗಾಗಿ ಭಾರತದ ಲಿಪಿಗಳಿಗೆ ದಾರಿ ತೆರೆದಿದೆ. ಆದರೂ ಪರೀಕ್ಷೆ ಮಾಡುವವರು ಕಣ್ಣಿಟ್ಟು ನೋಡಬೇಕಾದ್ದು ಇದ್ದೇ ಇದೆ. ‘ರಾಷ್ಟ್ರ’, ‘ಸ್ತ್ರೀ’, ‘ಕರ್ನಾಟಕ’, ‘ಸಾಫ್ಟ್‌ವೇರ್’ ಇಂಥ ಪದಗಳು ಬರುವ ಒಂದು ಸಾಲನ್ನು ಡೆವಲಪರ್ ಹತ್ತಿರ ಹಾಕಿಸಿ ನೋಡಿ. ಎರಡು ಒತ್ತು ಇರುವ ಕಡೆ ಕೆಳಗಿನ ಸಾಲಿಗೆ ತಾಗುತ್ತಿದೆಯಾ, ಬಾಕ್ಸಿನ ಅಂಚಿನಲ್ಲಿ ಕತ್ತರಿಸಿ ಹೋಗಿದೆಯಾ, ಅರ್ಕಾವತ್ತು ತನ್ನ ಜಾಗದಲ್ಲಿ ಇದೆಯಾ. ಮೆನು, ಸೇವ್ ಪುಟ, ಆಯ್ಕೆಯ ಬಟನ್ ಎಲ್ಲ ಕಡೆ ನೋಡಬೇಕು, ಬೇರೆ ಬೇರೆ ಕಡೆ ಬೇರೆ ಬೇರೆ ಫಾಂಟ್ ಇರಬಹುದು.

ಅದಕ್ಕಿಂತ ದೊಡ್ಡ ತಲೆನೋವು ಹೆಸರು. ತುಂಬಾ ಗೇಮ್‌ಗಳು ಶುರುವಿನಲ್ಲಿ ‘ನಿಮ್ಮ ಹೆಸರೇನು’ ಅಂತ ಕೇಳುತ್ತವೆ, ಆಮೇಲೆ ಕತೆಯುದ್ದಕ್ಕೂ ಆ ಹೆಸರನ್ನು ಬಳಸುತ್ತವೆ. ಇಂಗ್ಲಿಷಿನಲ್ಲಿ ಸುಲಭ, ಹೆಸರನ್ನು ತಂದು ಆ ಜಾಗದಲ್ಲಿ ಇಟ್ಟರೆ ಆಯಿತು. ಕನ್ನಡದಲ್ಲಿ ಹೆಸರಿನ ಬಾಲಕ್ಕೆ ಪ್ರತ್ಯಯ ಬರುತ್ತದಲ್ಲ. ‘ರವಿಯನ್ನು’, ‘ರಮೇಶನನ್ನು’, ‘ಸರೋಜಳನ್ನು’, ‘ಇಮ್ರಾನ್‌ನನ್ನು’. ಬರೆದವರು ತಮ್ಮ ಹೆಸರು ರವಿ ಅಂತ ಹಾಕಿ ಪರೀಕ್ಷೆ ಮಾಡಿ ‘ಯನ್ನು’ ಅಂತ ಸೇರಿಸಿದ್ದರೆ, ರಮೇಶ ಆಡುವಾಗ ‘ರಮೇಶಯನ್ನು’ ಅಂತ ಬರುತ್ತದೆ. ಎಷ್ಟೇ ಗಂಭೀರ ಸೀನಾದರೂ ಅಲ್ಲಿ ನಗು ಬಂದುಬಿಡುತ್ತದೆ. ಹಾಗೇ ಕ್ರಿಯಾಪದ. ಎದುರು ನಿಂತು ‘ನೀನು ಬಂದೆ’ ಅಂದರೆ ತೊಂದರೆ ಇಲ್ಲ. ಬೇರೆಯವರು ನಿಮ್ಮ ಪಾತ್ರದ ಬಗ್ಗೆ ಮಾತಾಡುವಾಗ ‘ಬಂದನು’, ‘ಬಂದಳು’, ‘ಬಂದರು’ ಅಂತ ಮೂರು ದಾರಿ. ಗಂಡೋ ಹೆಣ್ಣೋ ಅಂತ ಆಟಗಾರರೇ ಆರಿಸುವ ಗೇಮಿನಲ್ಲಿ ಇಂಥ ಒಂದೊಂದು ಸಾಲೂ ಒಂದು ಕವಲು. ಹಾಗಾಗಿ ಕನ್ನಡದ ಬಿಲ್ಡ್ ಸಿಕ್ಕರೆ ಸ್ವಂತ ಹೆಸರಲ್ಲಿ ಒಂದು ಸಲ ಆಡಿ, ಆಮೇಲೆ ಬೇರೆ ಬೇರೆ ಅಕ್ಷರದಲ್ಲಿ ಕೊನೆಯಾಗುವ ನಾಲ್ಕೈದು ಹೆಸರು ಹಾಕಿ ಆಡಿ. ಇಂಗ್ಲಿಷ್ ಗೇಮ್ ಪರೀಕ್ಷೆ ಮಾಡುವವರಿಗೆ ಈ ಕೆಲಸವೇ ಇರುವುದಿಲ್ಲ.

ಮಾತಿನ ಬಗ್ಗೆ ಒಂದೇ ಮಾತು. ಬಾಕ್ಸಿನಲ್ಲಿ ಬರುವುದು ಪಾತ್ರದ ಬಾಯಿಂದ ಬಂದ ಮಾತು. ಹುಬ್ಬಳ್ಳಿಯ ಆಟೊ ಓಡಿಸುವವರು ‘ನಾನು ಹೋಗುತ್ತಿದ್ದೇನೆ’ ಅನ್ನುತ್ತಿದ್ದರೆ ಗಟ್ಟಿಯಾಗಿ ಓದಿ ನೋಡಿ, ಕಿವಿಗೆ ತಾನೇ ಗೊತ್ತಾಗುತ್ತದೆ.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ಹುಡುಗ ಕೇಳಿದ, ‘ಮೇಡಂ, ಫ್ರೆಂಡ್ ಮಾಡಿದ ಗೇಮ್ ಚೆನ್ನಾಗಿಲ್ಲ ಅಂದ್ರೆ ಮುಖದ ಮೇಲೆ ಹೇಗೆ ಹೇಳೋದು?’ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡಲು ನಿಮ್ಮನ್ನು ಯಾರೂ ಕೂರಿಸಿಲ್ಲ. ನೋಟ್ ಕೊಡಿ ಸಾಕು. ಇಲ್ಲಿ ನಕ್ಕೆ, ಇಲ್ಲಿ ಗೊಂದಲ ಆಯಿತು, ಇಲ್ಲಿ ಫೋನ್ ನೋಡಿದೆ. ಅದನ್ನು ಓದಿದ ಮೇಲೆ ತೀರ್ಪು ಅವನೇ ಕೊಟ್ಟುಕೊಳ್ಳುತ್ತಾನೆ. ನೋಟ್ ಕೊಟ್ಟ ಮೇಲೆ ಅವನು ವಾದಕ್ಕೆ ಇಳಿದರೆ, ‘ನನಗೆ ಹಾಗನ್ನಿಸಿತು’ ಅನ್ನಿ. ಅನ್ನಿಸಿದ್ದಕ್ಕೆ ವಾದ ಇಲ್ಲ.

ಗೇಮ್ ಮಾಡುತ್ತಿರುವ ಒಬ್ಬಳು ಕೇಳಿದಳು, ಡೆಮೊವನ್ನು ಒಂದೇ ಸಲ ಎಲ್ಲ ಸ್ನೇಹಿತರಿಗೂ ಕೊಟ್ಟುಬಿಡಲಾ ಅಂತ. ಬೇಡ. ನಿನಗೆ ಆರು ಜನ ಸಿಕ್ಕಿದ್ದಾರೆ ಅಂತಿಟ್ಟುಕೋ. ಆರೂ ಜನ ಮೊದಲ ಬಿಲ್ಡ್ ಆಡಿಬಿಟ್ಟರೆ ಎರಡನೇ ಬಿಲ್ಡಿಗೆ ಹೊಸ ಕಣ್ಣು ಎಲ್ಲಿಂದ ತರುತ್ತೀಯ? ಇಬ್ಬರಿಗೆ ಕೊಡು, ಸರಿ ಮಾಡು, ಇನ್ನಿಬ್ಬರಿಗೆ ಕೊಡು. ತೀರಾ ಹತ್ತಿರದ ಸ್ನೇಹಿತೆಯನ್ನು ಕೊನೆಗೆ ಇಟ್ಟುಕೋ, ಅಲ್ಲಿಯವರೆಗೂ ಅವಳಿಗೆ ಕತೆ ಹೇಳಬೇಡ. ಅದೇ ಕಷ್ಟ. ಕೊಟ್ಟ ಮೇಲೆ ಪಕ್ಕದಲ್ಲಿ ಕೂತರೂ ಬಾಯಿ ಬಿಡಬೇಡ. ‘ಅಲ್ಲಿ ಒತ್ತು’ ಅಂತ ನೀನು ಹೇಳಬೇಕಾಗಿ ಬಂದ ಜಾಗವನ್ನು ಬರೆದುಕೋ.

ಮೂರನೆಯದು, ಪೂರ್ತಿ ಆಡಲು ಆಗದಿದ್ದರೆ ಏನು ಮಾಡುವುದು, ಅರ್ಧ ಆಡಿ ಅಭಿಪ್ರಾಯ ಹೇಳಬಹುದಾ ಅಂತ. ಹೇಳಬಹುದು, ಹೇಳಲೇಬೇಕು. ಆಡಿಲ್ಲ ಅಂತ ನಾಚಿಕೆಪಟ್ಟು ತಿಂಗಳುಗಟ್ಟಲೆ ಫೋನ್ ಎತ್ತದೆ ಇರುವವರು ಬೇಕಾದಷ್ಟು ಜನ. ನೀವು ಹಾಗೆ ಮಾಡಬೇಡಿ. ‘ಎರಡನೇ ದಿನ, ಬಸ್‌ಸ್ಟ್ಯಾಂಡಿನ ಸೀನು, ಕಂಡಕ್ಟರ್ ಜೊತೆ ಮಾತು ನಡೀತಿತ್ತು, ಊಟಕ್ಕೆ ಎದ್ದೆ, ಮತ್ತೆ ತೆರೆಯಲಿಲ್ಲ’ ಅಂತ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ. ಬೇರೆ ಮೂವರೂ ಬಸ್‌ಸ್ಟ್ಯಾಂಡಿನಲ್ಲೇ ಊಟಕ್ಕೆ ಎದ್ದಿದ್ದಾರೆ ಅಂತಾದರೆ, ಯಾವ ಸೀನಿನ ಮೇಲೆ ಮೊದಲು ಕೂರಬೇಕು ಅಂತ ಡೆವಲಪರ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.